ತೋಡಿನ ಕೆಸರು, ಬಾವಿಯ ನೀರು: ಏಲೂರು ಮತ್ತು ಪಡ್ರೆಯ ಸಾಕ್ಷ್ಯಗಳು

ಮಲಯಾಳದಲ್ಲಿಯೂ ಕಾಸರಗೋಡಿನ ಕನ್ನಡ-ತುಳುಗಳಲ್ಲಿಯೂ ಒಂದೇ ಅರ್ಥದಲ್ಲಿ ಬಳಕೆಯಾಗುವ ಪದಗಳಲ್ಲಿ ‘ತೋಡು’ ಒಂದು. ಗುಡ್ಡದಿಂದಿಳಿದು ಗದ್ದೆ-ತೋಟಗಳ ಅಂಚಿನಲ್ಲಿ ಹರಿದು ಹೊಳೆ ಸೇರುವ ಕಿರುನೀರಿಗೆ ಎರಡೂ ಕಡೆ ಇದೇ ಹೆಸರು. ಈ ಲೇಖನ ಅಂತಹ ಎರಡು ತೋಡುಗಳ ಕುರಿತದ್ದು. ಒಂದು, ಕೊಚ್ಚಿಯ ಹೊರವಲಯದ ಏಲೂರಿನಲ್ಲಿರುವ ಕುಳಿಕ್ಕಂಡಂ ತೋಡು. ಇನ್ನೊಂದು, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ ಗ್ರಾಮದ ಕೊಡಂಕೀರಿ ತೋಡು. ಮೊದಲನೆಯದರ ದಡದಲ್ಲಿ ಎಂಡೋಸಲ್ಫಾನ್ ತಯಾರಾಗುತ್ತಿತ್ತು. ಎರಡನೆಯದರ ಮೇಲೆ ಅದು ಆಕಾಶದಿಂದ ಬೀಳುತ್ತಿತ್ತು.

ಎಂಡೋಸಲ್ಫಾನ್ ದುರಂತದ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಕೇರಳದಲ್ಲಿ ನೆಲೆಸಿದವರು ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ ‘ಎನ್ಮಕಜೆ’ಯ ಮೂಲಕವೂ ಅದನ್ನು ಬಲ್ಲರು. ಸಂತ್ರಸ್ತರ ಬದುಕು, ಚಳವಳಿ, ನ್ಯಾಯಾಲಯಗಳ ತೀರ್ಪು, ಇವೆಲ್ಲ ಮತ್ತೆ ಮತ್ತೆ ಬರವಣಿಗೆಗೆ ಬಂದಿವೆ. ಆದರೆ ಒಂದು ಹಿಡಿ ಮಣ್ಣನ್ನು, ಒಂದು ಸೀಸೆ ನೀರನ್ನು ಯಾರು ತೆಗೆದರು, ಎಲ್ಲಿಂದ ತೆಗೆದರು, ಯಾವ ತಿಂಗಳಲ್ಲಿ ತೆಗೆದರು ಎಂಬ ಪ್ರಶ್ನೆಗೆ ಸಿಕ್ಕ ಸ್ಥಳ ಬಹಳ ಕಡಿಮೆ. ನನ್ನ ದೃಷ್ಟಿಯಲ್ಲಿ ಎರಡು ದಶಕಗಳ ಆ ವಿವಾದ ತಿರುಗಿದ್ದು ಈ ಒಣ ಪ್ರಶ್ನೆಯ ಅಕ್ಷದ ಮೇಲೆಯೇ.

ಏಲೂರು ಪೆರಿಯಾರ್ ನದಿಯ ಕವಲುಗಳ ನಡುವಿನ ದ್ವೀಪ. ಇಲ್ಲಿ ಫ್ಯಾಕ್ಟ್ ರಸಗೊಬ್ಬರ ಕಾರ್ಖಾನೆ 1947ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಬೆನ್ನಿಗೇ ರಾಸಾಯನಿಕ ಉದ್ಯಮಗಳು ಒಂದೊಂದಾಗಿ ಬಂದು ಆ ಪ್ರದೇಶಕ್ಕೆ ‘ಉದ್ಯೋಗಮಂಡಲ’ ಎಂಬ ಹೆಸರೇ ನೆಲೆಯಾಯಿತು. ಸಾರ್ವಜನಿಕ ವಲಯದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಸಂಸ್ಥೆಯ ಡಿಡಿಟಿ ಘಟಕ ಇಲ್ಲಿ ತೆರೆದದ್ದು 1958ರಲ್ಲಿ. ಅದು ಮಲೇರಿಯ ನಿರ್ಮೂಲನದ ಕಾಲ. ಡಿಡಿಟಿ ತಯಾರಿಸುವುದು ದೇಶಸೇವೆಯೆಂದೇ ಎಣಿಸಲ್ಪಟ್ಟಿತ್ತು. 1980ರ ಸುಮಾರಿಗೆ ಅದೇ ಆವರಣದಲ್ಲಿ ಎಂಡೋಸಲ್ಫಾನ್ ತಯಾರಿಕೆಯೂ ಶುರುವಾಯಿತು. ಕಾರ್ಖಾನೆಗಳ ಬಳಿಯಿಂದ ಪೆರಿಯಾರಿಗೆ ಹೋಗುವ ಚರಂಡಿಯಂತಾದದ್ದು ಕುಳಿಕ್ಕಂಡಂ ತೋಡು. ತುಳುವಿನಲ್ಲಿಯೂ ಮಲಯಾಳದಲ್ಲಿಯೂ ‘ಕಂಡ’ವೆಂದರೆ ಗದ್ದೆ. ತಗ್ಗು ಗದ್ದೆಯ ನೀರು ಹರಿಯುತ್ತಿದ್ದ ದಾರಿ ಅದು ಎಂಬುದನ್ನು ಹೆಸರು ಇನ್ನೂ ಬಚ್ಚಿಟ್ಟುಕೊಂಡಿದೆ.

ಉತ್ತರಕ್ಕೆ ಬಂದರೆ, ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗುಡ್ಡಗಳಲ್ಲಿ ಸಾವಿರಾರು ಹೆಕ್ಟೇರು ಗೇರುತೋಟ ಎಬ್ಬಿಸಿತ್ತು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಹತ್ತಿಕ್ಕಲು 1970ರ ದಶಕದ ಉತ್ತರಾರ್ಧದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಹೆಲಿಕಾಪ್ಟರ್ ಸಿಂಪಡಣೆ 1980ರ ದಶಕದಲ್ಲಿ ವಾಡಿಕೆಯಾಗಿ, 2000ದ ಡಿಸೆಂಬರದವರೆಗೆ ನಡೆಯಿತು. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಿಡಿ ಎಂಬ ಸೂಚನೆ ಊರಿಗೆ ಬರುತ್ತಿತ್ತು. ಬಾವಿಗೆ ಸೋಗೆ ಹೊದೆಸಬಹುದು. ತೋಡನ್ನು, ಮದಕವನ್ನು ಏನಿಂದ ಮುಚ್ಚುವುದು? ಸೂಚನೆ ಬರೆದವರು ಪಡ್ರೆಯ ನೀರಿನ ವ್ಯವಸ್ಥೆಯನ್ನು ಕಂಡವರಾಗಿರಲಾರರು.

ಮೊದಲ ಸಾಕ್ಷ್ಯಗಳು ಪ್ರಯೋಗಾಲಯದಿಂದ ಬಂದವಲ್ಲ. ಸೊಟ್ಟ ಕಾಲುಗಳ ಕರುಗಳು ಹುಟ್ಟಿದ್ದನ್ನು 1970ರ ದಶಕದ ಕೊನೆಯಲ್ಲಿ ಗಮನಿಸಿ, ಅದಕ್ಕೂ ಸಿಂಪಡಣೆಗೂ ಸಂಬಂಧವಿರಬಹುದೇ ಎಂದು ಪತ್ರಿಕೆಯಲ್ಲಿ ಕೇಳಿದವರು ಅದೇ ಊರಿನ ಶ್ರೀಪಡ್ರೆ. ವಾಣೀನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಕಂಡ ಅಸಹಜತೆಗಳ ಬಗ್ಗೆ 1990ರ ದಶಕದಲ್ಲಿ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಪೆರಿಯದ ಕಡೆ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿಯಮ್ಮ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ಸಿಂಪಡಣೆಗೆ ತಡೆ ತಂದರು. ಇವರೆಲ್ಲರ ಕೈಯಲ್ಲಿದ್ದದ್ದು ನೋಟ ಮತ್ತು ನೆನಪು. ಸರಕಾರ ಮತ್ತು ಕಂಪನಿಗಳು ಕೇಳಿದ್ದು ಅಂಕಿಗಳನ್ನು. ಅಂಕಿ ಬೇಕಾದರೆ ಮಣ್ಣು ಅಗೆಯಬೇಕು, ನೀರು ತುಂಬಿಸಬೇಕು.

ಈ ಅಗೆಯುವ, ತುಂಬಿಸುವ ಕೆಲಸ ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಇದನ್ನು ಕೊಂಚ ವಿವರವಾಗಿ ಹೇಳುವುದು ಅಗತ್ಯ; ಮುಂದಿನ ಜಗಳಗಳೆಲ್ಲ ಅರ್ಥವಾಗುವುದು ಇಲ್ಲಿಂದಲೇ.

ಮಾದರಿ ತೆಗೆಯಲು ಹೊರಟವರು ಮೊದಲು ಓದಬೇಕಾದದ್ದು ನೆಲದ ಆಕಾರವನ್ನು. ಪಡ್ರೆಯಂತಹ ಊರಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಗೇರು, ಇಳಿಜಾರಿನಲ್ಲಿ ಮನೆಗಳು, ಕಣಿವೆಯ ತಳದಲ್ಲಿ ಅಡಿಕೆ ತೋಟ ಮತ್ತು ತೋಡು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಮೇಲಿನದನ್ನೆಲ್ಲ ಕೆಳಕ್ಕೆ ತರುತ್ತದೆ. ಕುಡಿಯುವ ನೀರು ಬರುವುದು ಬಾವಿಯಿಂದ ಮಾತ್ರವಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಕೊರೆದ ಸುರಂಗಗಳು ಈ ಸೀಮೆಯ ವಿಶೇಷ. ಗುಡ್ಡದೊಳಗೆ ಇಂಗಿದ ನೀರು ಅಲ್ಲಿ ತೊಟ್ಟಿಕ್ಕಿ, ಸಣ್ಣ ಕಾಲುವೆಯಾಗಿ ಹೊರಬಂದು ಅಂಗಳದ ಕೆರೆ ಸೇರುತ್ತದೆ. ಅಂಗಳದ ಕೆರೆಯಿಂದ ತುಂಬಿಸಿದ ಸೀಸೆಯೂ ಸುರಂಗದ ಒಳಗೋಡೆಯಲ್ಲಿ ಜಿನುಗುವ ಕಡೆ ಹಿಡಿದ ಸೀಸೆಯೂ ಬೇರೆ ಬೇರೆ ಕಥೆ ಹೇಳುತ್ತವೆ. ಮೊದಲನೆಯದರಲ್ಲಿ ಗಾಳಿಯಿಂದ ಬಿದ್ದದ್ದೂ ಇರಬಹುದು. ಎರಡನೆಯದರಲ್ಲಿರುವುದು ಗುಡ್ಡವೇ ಸೋಸಿ ಕೊಟ್ಟದ್ದು. ಚೀಟಿಯ ಮೇಲೆ ಬರಿದೆ ‘ಸುರಂಗದ ನೀರು’ ಎಂದು ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಎರಡನೆಯದು, ಹುಡುಕುವ ವಸ್ತುವಿನ ಸ್ವಭಾವ. ಎಂಡೋಸಲ್ಫಾನ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಮಣ್ಣಿನ ಕಣಗಳಿಗೆ, ಕೊಳೆತ ಎಲೆಗಳ ಸಾರಕ್ಕೆ ಅಂಟಿಕೊಳ್ಳುತ್ತದೆ. ಮಾರುಕಟ್ಟೆಯ ಪದಾರ್ಥ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳ ಮಿಶ್ರಣ, ಸುಮಾರು ಎಪ್ಪತ್ತಕ್ಕೆ ಮೂವತ್ತರ ಪ್ರಮಾಣದಲ್ಲಿ. ಮಣ್ಣಿನಲ್ಲಿ ಬೀಟಾ ಆಲ್ಫಾಗಿಂತ ಹೆಚ್ಚು ಕಾಲ ಉಳಿಯುತ್ತದೆ. ಸೂಕ್ಷ್ಮಾಣುಗಳು ಇವನ್ನು ಎಂಡೋಸಲ್ಫಾನ್ ಸಲ್ಫೇಟಾಗಿ ಮಾರ್ಪಡಿಸುತ್ತವೆ; ಅದರ ವಿಷವೂ ಕಡಿಮೆಯದಲ್ಲ, ಆಯುಷ್ಯವೂ ದೀರ್ಘ. ಕ್ಷಾರೀಯ ನೀರಿನಲ್ಲಿ ಎಂಡೋಸಲ್ಫಾನ್ ಬೇಗ ಒಡೆಯುತ್ತದೆ, ಆಮ್ಲೀಯ ನೀರಿನಲ್ಲಿ ನಿಧಾನ. ಕರಾವಳಿಯ ಮುರಮಣ್ಣು ಆಮ್ಲೀಯ. ಹೀಗಿರುವಾಗ ಹರಿಯುವ ತೋಡಿನ ನಡುನೀರನ್ನು ಮಾತ್ರ ಪರೀಕ್ಷಿಸಿ, ಮೂಲ ರೂಪವನ್ನಷ್ಟೇ ಹುಡುಕಿ, ‘ಪತ್ತೆಯಾಗಲಿಲ್ಲ’ ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಕಳ್ಳ ಅಡಗಿದ ಕೋಣೆಯನ್ನು ಬಿಟ್ಟು ಅಂಗಳ ನೋಡಿ ಬಂದ ವರದಿ ಅದು. ನೋಡಬೇಕಾದದ್ದು ತೋಡು ತಿರುಗುವ ಕಡೆ, ಹರಿವು ನಿಧಾನವಾಗಿ ನಯವಾದ ಕೆಸರು ಕೂರುವ ಜಾಗವನ್ನು. ಇನ್ನು ‘ಪತ್ತೆಯಾಗಲಿಲ್ಲ’ ಎಂಬುದು ಸೊನ್ನೆಯೂ ಅಲ್ಲ. ಯಂತ್ರ ಕಾಣಬಲ್ಲ ಕನಿಷ್ಠ ಪ್ರಮಾಣವೆಷ್ಟು ಎಂದು ಪಕ್ಕದಲ್ಲಿ ಬರೆಯದಿದ್ದರೆ ಆ ಪದಕ್ಕೆ ಬೆಲೆಯಿಲ್ಲ.

ಮಣ್ಣಿನ ವಿಷಯದಲ್ಲಿ ಕೃಷಿ ಇಲಾಖೆಯ ಅಭ್ಯಾಸವೇ ಒಂದು ತೊಡಕು. ಫಲವತ್ತತೆ ನೋಡಲು ಹೊಲದ ಹತ್ತಾರು ಕಡೆ ಗೇಣುದ್ದ ಅಗೆದು, ಎಲ್ಲವನ್ನೂ ಬೆರೆಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳುತ್ತ ಕೊನೆಗೆ ಅರ್ಧ ಕಿಲೋ ತರುವುದು ರೂಢಿ. ಗೊಬ್ಬರದ ಲೆಕ್ಕಕ್ಕೆ ಇದು ಸರಿ. ಮಾಲಿನ್ಯದ ತನಿಖೆಗೆ ಇದನ್ನೇ ಬಳಸಿದರೆ ವಿಷ ಚೆಲ್ಲಿದ ಒಂದು ಮೂಲೆ ಒಂಬತ್ತು ಶುದ್ಧ ಮೂಲೆಗಳಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಪ್ರತಿ ಗುಂಡಿಯ ಮಣ್ಣೂ ಪ್ರತ್ಯೇಕ, ಪ್ರತಿ ಆಳವೂ ಪ್ರತ್ಯೇಕ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ಸಲಿಕೆ ತೊಳೆಯಬೇಕು, ಕೈಗವಸು ಬದಲಿಸಬೇಕು. ಪ್ಲಾಸ್ಟಿಕ್ ಡಬ್ಬಿ ಕೀಟನಾಶಕವನ್ನು ತಾನೇ ಹೀರಿಕೊಳ್ಳುವುದರಿಂದ ಕಂದು ಗಾಜಿನ ಸೀಸೆಯೇ ಬೇಕು. ಕೊಳವೆಬಾವಿಯಾದರೆ ಕೊಳವೆಯೊಳಗೆ ನಿಂತ ಹಳೆಯ ನೀರನ್ನು ಮೊದಲು ಹೊರಹಾಕಿ, ಉಷ್ಣತೆ, ಪಿಎಚ್, ವಿದ್ಯುದ್ವಾಹಕತೆ ಮೂರೂ ಸ್ಥಿರವಾದ ಮೇಲೆ ಸೀಸೆ ಹಿಡಿಯಬೇಕು. ಕೇರಳದ ತೆರೆದ ಬಾವಿಯಾದರೆ ಮನೆಯವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ಇತ್ತೀಚೆಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೀರಾ? ಉಳಿದ ಕ್ಲೋರಿನ್ ಮಾದರಿಯನ್ನೇ ಕೆಡಿಸಬಲ್ಲದು. ಸೀಸೆ ಮಂಜುಗಡ್ಡೆಯಲ್ಲಿ ಪಯಣಿಸಬೇಕು. ನೀರಿನಲ್ಲಿರುವ ಇಂತಹ ಕೀಟನಾಶಕಗಳನ್ನು 7 ದಿನಗಳೊಳಗೆ ದ್ರಾವಕಕ್ಕೆ ಇಳಿಸಿ, ಆ ಬಳಿಕ 40 ದಿನಗಳೊಳಗೆ ಯಂತ್ರಕ್ಕೆ ಕೊಡಬೇಕೆಂಬುದು ಹೆಚ್ಚಿನವರು ಅನುಸರಿಸುವ ಅಮೆರಿಕದ ನಿಯಮ. ಶುದ್ಧ ನೀರು ತುಂಬಿದ ಒಂದು ಸೀಸೆ ಇಡೀ ದಾರಿ ಜೊತೆಗೇ ಬರಬೇಕು. ಅದರಲ್ಲಿಯೂ ವಿಷ ಕಂಡರೆ ತಪ್ಪು ಊರಿನದಲ್ಲ, ಪೆಟ್ಟಿಗೆಯದು. ಸೀಸೆ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ದಾಟಿತು ಎಂಬ ಸಹಿಗಳ ಹಾಳೆ ಕೊನೆಯದು. ನ್ಯಾಯಾಲಯದಲ್ಲಿ ವಕೀಲರು ಮೊದಲು ಕೇಳುವುದು ಆ ಹಾಳೆಯನ್ನು.

ಈಗ 2001ಕ್ಕೆ ಬರೋಣ. ಕೊನೆಯ ವೈಮಾನಿಕ ಸಿಂಪಡಣೆ ನಡೆದದ್ದು 2000ದ ಡಿಸೆಂಬರದಲ್ಲಿ. ಅದಾದ ಕೆಲವೇ ವಾರಗಳಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್ಮೆಂಟ್ ಸಂಸ್ಥೆ ಪಡ್ರೆಯಿಂದ ನೀರು, ಮಣ್ಣು, ತರಕಾರಿ, ಹಾಲು, ಮನುಷ್ಯರ ರಕ್ತ, ಎದೆಹಾಲುಗಳ ಮಾದರಿ ಒಯ್ದು, ಎಲ್ಲೆಡೆಯೂ ಎಂಡೋಸಲ್ಫಾನ್ ಇದೆಯೆಂದು ಪ್ರಕಟಿಸಿತು. ಕೀಟನಾಶಕ ತಯಾರಕರು ಮುಗಿಬಿದ್ದದ್ದು ವಿಧಾನದ ಮೇಲೆ: ಇಷ್ಟು ದೊಡ್ಡ ಅಂಕಿಗಳು ಸಾಧ್ಯವೇ, ಪ್ರಯೋಗಾಲಯದ ಕ್ರಮ ಸರಿಯೇ, ಮಾದರಿಗಳ ಸಂಖ್ಯೆ ಸಾಲದಲ್ಲವೇ? ಅದೇ ವರ್ಷ ಪ್ಲಾಂಟೇಶನ್ ಕಾರ್ಪೊರೇಶನ್ ತಮಿಳುನಾಡಿನ ಫ್ರೆಡ್ರಿಕ್ ಸಸ್ಯಸಂರಕ್ಷಣೆ ಮತ್ತು ವಿಷವಿಜ್ಞಾನ ಸಂಸ್ಥೆಯಿಂದ ಇನ್ನೊಂದು ಅಧ್ಯಯನ ಮಾಡಿಸಿತು. ಅದರ ತೀರ್ಮಾನ ತದ್ವಿರುದ್ಧ. ಒಂದೇ ಊರು, ಒಂದೇ ವರ್ಷ, ಎರಡು ಸತ್ಯ. ಪಡ್ರೆಯ ಜನರಿಗಾದರೂ, ದಿನಪತ್ರಿಕೆ ಓದುವ ತಿರುವನಂತಪುರದವರಿಗಾದರೂ ಇವೆರಡರ ನಡುವೆ ಆರಿಸುವ ದಾರಿಯೇನಿತ್ತು? ತಯಾರಕರ ಪ್ರಶ್ನೆಗಳಲ್ಲಿ ಕೆಲವು ನ್ಯಾಯವಾದವೇ ಎಂಬುದನ್ನು ಒಪ್ಪಬೇಕು. ಆದರೆ ಅದೇ ಪ್ರಶ್ನೆಗಳನ್ನು ಅವರು ತಮಗೆ ಅನುಕೂಲವಾದ ವರದಿಗೆ ಕೇಳಲಿಲ್ಲ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮಧ್ಯಪ್ರವೇಶದಿಂದ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಂಡ ಡಾ. ಹಬೀಬುಲ್ಲಾ ಸಯ್ಯದ್ ಅವರ ನೇತೃತ್ವದಲ್ಲಿ ಬಂದಾಗ ಸಿಂಪಡಣೆ ನಿಂತು ಸುಮಾರು 10 ತಿಂಗಳಾಗಿತ್ತು. ಈ ತಂಡದ ಕೆಲಸ ಉಳಿದವಕ್ಕಿಂತ ಗಟ್ಟಿಯಾಗಿ ನಿಂತದ್ದಕ್ಕೆ ಕಾರಣ ಅದರ ಹೋಲಿಕೆಯ ಆಯ್ಕೆ. ಸಿಂಪಡಣೆಗೆ ಮುಂಚಿನ ಮಣ್ಣನ್ನಾಗಲಿ ನೀರನ್ನಾಗಲಿ ಕಾದಿಟ್ಟವರಿರಲಿಲ್ಲ. ಆ ಕೊರತೆಯನ್ನು ಅವರು ಇನ್ನೊಂದು ಊರಿನಿಂದ ತುಂಬಿದರು: ಸುಮಾರು 20 ಕಿಲೋಮೀಟರ್ ದೂರದ, ವೈಮಾನಿಕ ಸಿಂಪಡಣೆಯಾಗದ ಮೀಂಜ. ಜನರ ಜೀವನಕ್ರಮ ಹೆಚ್ಚುಕಡಿಮೆ ಅದೇ. ಹೆಲಿಕಾಪ್ಟರ್ ಮಾತ್ರ ಇಲ್ಲ. 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಪಡ್ರೆಯ 117 ಮತ್ತು ಮೀಂಜದ 90 ಗಂಡುಮಕ್ಕಳ ವಿವರವಿದೆ. ರಕ್ತಸಾರದಲ್ಲಿ ಎಂಡೋಸಲ್ಫಾನಿನ ಸರಾಸರಿ ಪಡ್ರೆಯಲ್ಲಿ ನೂರು ಕೋಟಿಗೆ 7.47 ಭಾಗ, ಮೀಂಜದಲ್ಲಿ 1.37 ಭಾಗ. ಶರೀರದಿಂದ ಬೇಗ ಹೊರಹೋಗುತ್ತದೆಂದು ತಯಾರಕರೇ ಹೇಳುತ್ತಿದ್ದ ವಸ್ತು 10 ತಿಂಗಳ ಬಳಿಕವೂ ಮಕ್ಕಳ ರಕ್ತದಲ್ಲಿದೆಯೆಂದರೆ ಅದು ಹೊಸದಾಗಿ ಎಲ್ಲಿಂದಲೋ ಬರುತ್ತಲೇ ಇರಬೇಕು. ಆ ‘ಎಲ್ಲಿಂದಲೋ’ ಎಂಬುದಕ್ಕೆ ಗುಡ್ಡದ ಮಣ್ಣು, ತೋಡಿನ ಕೆಸರುಗಳಿಗಿಂತ ಒಪ್ಪುವ ಉತ್ತರ ನನಗೆ ಕಾಣದು. ಮುಂದೆ ಕೇಂದ್ರ ಸರಕಾರದ ದುಬೆ ಸಮಿತಿ ರೋಗಗಳಿಗೂ ಎಂಡೋಸಲ್ಫಾನಿಗೂ ನಂಟಿಲ್ಲವೆಂದಿತು. ಅಹಮದಾಬಾದಿನ ಅಂಕಿಗಳು ಮಾತ್ರ ಅಳಿಯಲಿಲ್ಲ.

ಏಲೂರಿನ ಕಥೆ ಇದಕ್ಕೆ ಸಮಾನಾಂತರ. ಅಲ್ಲಿ ಆಕಾಶ ನೋಡಬೇಕಿರಲಿಲ್ಲ. ತೋಡಿನ ನೀರಿನ ಬಣ್ಣವೇ ಮಾತಾಡುತ್ತಿತ್ತು. 1999ರಲ್ಲಿ ಗ್ರೀನ್‌ಪೀಸ್ ಕುಳಿಕ್ಕಂಡಂ ತೋಡಿನ ಮಾದರಿಗಳನ್ನು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿರುವ ತನ್ನ ಪ್ರಯೋಗಾಲಯಕ್ಕೆ ಕಳುಹಿಸಿದಾಗ ಕಂಡದ್ದು ನೂರಕ್ಕೂ ಹೆಚ್ಚು ಸಾವಯವ ಸಂಯುಕ್ತಗಳು, ಡಿಡಿಟಿ ಮತ್ತು ಎಂಡೋಸಲ್ಫಾನ್ ಅವುಗಳಲ್ಲಿ ಸೇರಿದ್ದವು. ಅವರು ನೋಡಿದ್ದು ಕೆಸರನ್ನು ಎಂಬುದನ್ನು ಗಮನಿಸಬೇಕು. ಹರಿದುಹೋದ ನೀರಿಗೆ ನೆನಪಿಲ್ಲ. 1958ರಿಂದ ಕೂತ ಕೆಸರಿಗೆ ಇದೆ. 2004ರ ಜುಲೈ 6ರಂದು ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸಿನ ಎಂಡೋಸಲ್ಫಾನ್ ಘಟಕಕ್ಕೆ ಬೆಂಕಿ ಬಿತ್ತು. ಮರುತಿಂಗಳು ಸುಪ್ರೀಂ ಕೋರ್ಟಿನ ಅಪಾಯಕಾರಿ ತ್ಯಾಜ್ಯ ಉಸ್ತುವಾರಿ ಸಮಿತಿ ಏಲೂರಿಗೆ ಬಂದು, ಸ್ಥಳೀಯ ಪರಿಸರ ಸಮಿತಿಯೊಂದನ್ನು ರಚಿಸಿತು. ಈ ರಚನೆ ನನಗೆ ಮುಖ್ಯವೆನಿಸುವುದು, ಊರವರು ಮೊದಲ ಬಾರಿಗೆ ಮಾದರಿ ತೆಗೆಯುವವರ ಪಕ್ಕದಲ್ಲಿ ನಿಲ್ಲುವ ಹಕ್ಕು ಪಡೆದದ್ದರಿಂದ. ರಾತ್ರಿ ಯಾವ ಕೊಳವೆ ತೆರೆಯುತ್ತದೆ, ಮಳೆ ಬಂದ ದಿನ ತೋಡು ಯಾವ ಬಣ್ಣ ತಾಳುತ್ತದೆ ಎಂಬುದು ಕಚೇರಿಯ ಸಮಯದಲ್ಲಿ ಬರುವ ಅಧಿಕಾರಿಗೆ ತಿಳಿಯುವುದಿಲ್ಲ.

ತಿರುವನಂತಪುರದ ‘ತಣಲ್’ ಸಂಸ್ಥೆಯ ಪಾತ್ರ ಎರಡೂ ತೋಡುಗಳಿಗೆ ಸಂಬಂಧಿಸಿದ್ದು. ಕಾಸರಗೋಡಿನಲ್ಲಿ ಮನೆಮನೆ ಸುತ್ತಿ ಮಾಹಿತಿ ಕಲೆಹಾಕಿದ ಈ ಗುಂಪು, 2005ರಲ್ಲಿ ಅಂತರರಾಷ್ಟ್ರೀಯ ಜಾಲವೊಂದರ ಜೊತೆಗೂಡಿ ಏಲೂರಿನಲ್ಲಿ ಕೋಳಿಮೊಟ್ಟೆಗಳನ್ನು ಸಂಗ್ರಹಿಸಿತು. ಕೇಳಿದರೆ ನಗು ಬರಬಹುದು, ಯುಕ್ತಿ ಮಾತ್ರ ಚೊಕ್ಕ. ಹಿತ್ತಿಲ ಕೋಳಿ ದಿನವಿಡೀ ಮಣ್ಣು ಕೆದಕಿ ತಿನ್ನುತ್ತದೆ. ಕೊಬ್ಬಿನಲ್ಲಿ ಕರಗುವ ವಿಷ ಹಳದಿಯಲ್ಲಿ ಶೇಖರವಾಗುತ್ತದೆ. ಹತ್ತು ಗುಂಡಿ ತೋಡುವ ಕೆಲಸವನ್ನು ಒಂದು ಹೇಂಟೆ ಮಾಡಿಕೊಡುತ್ತದೆ, ಅದೂ ಕಾರ್ಖಾನೆಯ ಅನುಮತಿ ಕೇಳದೆ. ಆ ಮೊಟ್ಟೆಗಳಲ್ಲಿ ಡಯಾಕ್ಸಿನ್ ಪ್ರಮಾಣ ಐರೋಪ್ಯ ಒಕ್ಕೂಟದ ಮಿತಿಯನ್ನು ಮೀರಿತ್ತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಇತಿಹಾಸ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟು ಮಧ್ಯಂತರ ನಿಷೇಧ ವಿಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಮಣ್ಣಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೋಯಿಕ್ಕೋಡಿನ ಜಲಸಂಪನ್ಮೂಲ ಕೇಂದ್ರದ ವಿಜ್ಞಾನಿಗಳು 2014ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಿಂಪಡಣೆ ನಿಂತು ದಶಕ ಕಳೆದರೂ ಕಾಸರಗೋಡಿನ ಕೆಲವೆಡೆ ಶೇಷ ಉಳಿದಿತ್ತು. ಜೇಡಿ ಮತ್ತು ಸಾವಯವ ಅಂಶಗಳು ಅದನ್ನು ಹಿಡಿದಿಟ್ಟಿದ್ದವು.

ಕೊಚ್ಚಿಯಲ್ಲಿಯೂ ಹಳೆಯ ಜಗಳ ಹೊಸ ರೂಪದಲ್ಲಿ ಮರಳಿತು. 2024ರ ಮೇ ತಿಂಗಳಲ್ಲಿ ಪಾತಾಳಂ ಅಣೆಕಟ್ಟಿನ ಕೆಳಗೆ ಪೆರಿಯಾರಿನ ಮೀನುಗಳು ರಾಶಿರಾಶಿಯಾಗಿ ಸತ್ತಾಗ ಮಾಲಿನ್ಯ ನಿಯಂತ್ರಣ ಮಂಡಳಿ ಆಮ್ಲಜನಕದ ಕೊರತೆಯನ್ನು ಕಾರಣವಾಗಿ ಮುಂದಿಟ್ಟಿತು; ಮೀನುಗಾರಿಕೆ ವಿಶ್ವವಿದ್ಯಾಲಯದ ತಂಡ ಹೈಡ್ರೋಜನ್ ಸಲ್ಫೈಡ್ ಮತ್ತು ಅಮೋನಿಯವನ್ನು ಎತ್ತಿ ತೋರಿಸಿತು. ಹೊಳೆಯ ನೀರು ಗಂಟೆಗಂಟೆಗೆ ಬೇರೆ. ಮೊದಲ ಸೀಸೆ ಯಾವ ಹೊತ್ತಿಗೆ ತುಂಬಿತು ಎಂಬುದೇ ಇಲ್ಲಿಯೂ ಮೊದಲ ಪ್ರಶ್ನೆ.

ಕಾಸರಗೋಡಿನಲ್ಲಿ ಉಳಿದದ್ದು ಸಿಂಪಡಿಸದೆ ಮಿಕ್ಕ ಎಂಡೋಸಲ್ಫಾನ್. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೋದಾಮುಗಳಲ್ಲಿ ತುಕ್ಕು ಹಿಡಿದು ಸೋರುತ್ತಿದ್ದ ಪೀಪಾಯಿಗಳಿಂದ ಅದನ್ನು 2012ರಲ್ಲಿ ಗಟ್ಟಿ ಪ್ಲಾಸ್ಟಿಕ್ ಪೀಪಾಯಿಗಳಿಗೆ ವರ್ಗಾಯಿಸಲಾಯಿತು. ಒಂದಿಷ್ಟನ್ನು ಕರ್ನಾಟಕದ ಗಡಿಯ ಬಳಿಯ ಮಿಂಚಿನಪದವು ಗುಡ್ಡದ ಪಾಳುಬಾವಿಯಲ್ಲಿ ಹೂಳಲಾಗಿದೆ ಎಂಬ ಆರೋಪ ಬೇರೆ ಇದೆ. ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರು ಇದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಒಯ್ದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಗುಡ್ಡ ಹತ್ತಿ ಮಣ್ಣು-ನೀರಿನ ಮಾದರಿ ತೆಗೆಯಬೇಕಾಯಿತು. ಮುಚ್ಚಿದ ಬಾವಿಯ ತನಿಖೆ ಸೂಕ್ಷ್ಮದ ಕೆಲಸ. ನೇರವಾಗಿ ಅದರೊಳಗೇ ಕೊರೆದರೆ ಪೀಪಾಯಿ ಒಡೆದು ವಿಷ ಇನ್ನೂ ಆಳಕ್ಕೆ ಇಳಿಯಬಹುದು. ಕೊರೆಯಬೇಕಾದದ್ದು ಅಂತರ್ಜಲ ಇಳಿಯುವ ದಿಕ್ಕಿನಲ್ಲಿ, ಬಾವಿಯಿಂದ ಅಂತರ ಬಿಟ್ಟು, ಹೋಲಿಕೆಗೆ ಮೇಲ್ಬದಿಯಲ್ಲಿಯೂ ಒಂದು. ಗಡಿಯ ಗುಡ್ಡದ ನೀರು ಎರಡೂ ರಾಜ್ಯಗಳ ಕಡೆಗೆ ಇಳಿಯಬಲ್ಲದು. ಮಾದರಿ ತೆಗೆಯುವವರು ಕಾಸರಗೋಡಿನ ಬದಿಯ ಬಾವಿಗಳ ಜೊತೆಗೆ ಪುತ್ತೂರಿನ ಬದಿಯ ಬಾವಿಗಳ ಬಳಿಯೂ ಸೀಸೆ ಹಿಡಿದು ನಿಲ್ಲಬೇಕು, ಒಂದೇ ಮಳೆಗಾಲವಲ್ಲ, ಹಲವು ಮಳೆಗಾಲ.